ಸಂಗಾತಿಗಳ ಹಾದಿ

ದಕ್ಷಿಣ ಆಫ್ರಿಕದ ಪೂರ್ವ ತೀರದಲ್ಲಿ, ಹಿಂದೂ ಮಹಾಸಾಗರದ ಅಲೆಗಳು ಬಂದು ಬಡಿಯುವಲ್ಲಿ, ಡರ್ಬನ್ ಎಂಬ ರೇವುಪಟ್ಟಣವಿದೆ. ಅಲ್ಲಿಂದ ಒಳನಾಡಿನ ಕಡೆಗೆ ಬೆಟ್ಟಗಳನ್ನೇರುತ್ತ ಹೋದರೆ ಪೀಟರ್‌ಮಾರಿಟ್ಸ್‌ಬರ್ಗ್ ಎಂಬ ಊರು ಸಿಗುತ್ತದೆ. ಈ ಎರಡನೆಯ ಹೆಸರು ಭಾರತೀಯರಿಗೆ ಅಪರಿಚಿತವಲ್ಲ. 1893ರ ಜೂನ್ 7ರ ರಾತ್ರಿ, ಮೊದಲ ದರ್ಜೆಯ ಟಿಕೆಟು ಕೈಯಲ್ಲಿದ್ದರೂ ಮೋಹನದಾಸ ಗಾಂಧಿ ಎಂಬ ತರುಣ ಬ್ಯಾರಿಸ್ಟರರನ್ನು ಮೈಬಣ್ಣದ ಕಾರಣಕ್ಕಾಗಿ ರೈಲಿನಿಂದ ಕೆಳಗಿಳಿಸಿದ್ದು ಈ ಊರಿನ ನಿಲ್ದಾಣದಲ್ಲಿಯೇ. ಡರ್ಬನ್ನಿನಿಂದ ಬಂದ ಅವರು ಅಲ್ಲಿನ ಎತ್ತರದ ಊರಿನ ಚಳಿಯಲ್ಲಿ ನಡುಗುತ್ತ ಇರುಳು ಕಳೆದ ಕಥೆಯನ್ನು ನಮ್ಮ ಮಕ್ಕಳೂ ಬಲ್ಲರು.

ಗಾಂಧೀಜಿ ರೈಲಿನಲ್ಲಿ ಏರಿದ ಈ ಬೆಟ್ಟಸೀಮೆಯನ್ನು ಇಂದು ಸಾವಿರಾರು ಜನ ಓಡಿಯೇ ಏರುತ್ತಾರೆ. ಈ ಓಟದ ಹೆಸರು ‘ಕಾಮ್ರೇಡ್ಸ್ ಮ್ಯಾರಥಾನ್’. ಸಂಗಾತಿಗಳ ಓಟ ಎಂದು ಅರ್ಥ. ಹೆಸರಿಗೆ ಮ್ಯಾರಥಾನ್ ಎಂದಿದ್ದರೂ ಇದು ಅದರ ಎರಡರಷ್ಟಿಗಿಂತ ದೊಡ್ಡದು. ಮ್ಯಾರಥಾನಿನ ದೂರ 42 ಕಿಲೋಮೀಟರು 195 ಮೀಟರು. ಇಲ್ಲಿ ಓಡಬೇಕಾದದ್ದು ಸುಮಾರು 87ರಿಂದ 90 ಕಿಲೋಮೀಟರು. ಸಾಮಾನ್ಯವಾಗಿ ಒಂದು ವರ್ಷ ಡರ್ಬನ್ನಿನಿಂದ ಮೇಲಕ್ಕೆ, ಮರುವರ್ಷ ಪೀಟರ್‌ಮಾರಿಟ್ಸ್‌ಬರ್ಗಿನಿಂದ ಕೆಳಕ್ಕೆ. ಗಡುವು ಹನ್ನೆರಡು ಗಂಟೆ.

ಒಂದು ಪೌಂಡಿನ ಸಾಲ

ಈ ಓಟವನ್ನು ಹುಟ್ಟುಹಾಕಿದವನು ವಿಕ್ ಕ್ಲಾಫಮ್ ಎಂಬ ರೈಲು ಚಾಲಕ. ಮೊದಲನೆಯ ಮಹಾಯುದ್ಧದಲ್ಲಿ ಪೂರ್ವ ಆಫ್ರಿಕದ ಕಾಡುಮೇಡುಗಳಲ್ಲಿ ಸಾವಿರಾರು ಕಿಲೋಮೀಟರು ನಡೆದು, ಜೊತೆಗಾರರು ಕಣ್ಣೆದುರೇ ಬಿದ್ದದ್ದನ್ನು ಕಂಡು ಮನೆಗೆ ಮರಳಿದವನು ಆತ. ಸತ್ತವರಿಗೆ ಕಲ್ಲಿನ ಸ್ಮಾರಕ ಎಲ್ಲ ಊರಲ್ಲಿಯೂ ಆಗುತ್ತಿತ್ತು. ಅವರ ದಣಿವಿನ ಒಂದಂಶವನ್ನಾದರೂ ಬದುಕಿದವರು ಮೈಮೇಲೆ ಹೊರಬೇಕು ಎಂಬುದು ಅವನ ಹಂಬಲ. ಮಾಜಿ ಸೈನಿಕರ ಸಂಘವು ಇದನ್ನು ಹುಚ್ಚೆಂದು ತಳ್ಳಿಹಾಕಿತು. ಅವನು ಮತ್ತೆ ಮತ್ತೆ ಕೇಳಿದ. ಕೊನೆಗೆ 1921ರಲ್ಲಿ ಒಪ್ಪಿಗೆಯೊಡನೆ ಖರ್ಚಿಗೆಂದು ಒಂದು ಪೌಂಡು ದೊರೆಯಿತು. ಅದೂ ಹಿಂದಿರುಗಿಸಬೇಕಾದ ಸಾಲ.

ಆ ವರ್ಷ ಮೇ 24ರಂದು 34 ಮಂದಿ ಓಡಿದರು. 16 ಮಂದಿ ಮುಗಿಸಿದರು. ಗೆದ್ದವನು ಬಿಲ್ ರೋವನ್, 8 ಗಂಟೆ 59 ನಿಮಿಷಗಳಲ್ಲಿ. ಮರುವರ್ಷದ ಓಟದಲ್ಲಿ ಬಿಲ್ ಪೇಯ್ನ್ ಎಂಬ ರಗ್ಬಿ ಆಟಗಾರ ತನ್ನ ಆಟದ ಬೂಟುಗಳನ್ನೇ ತೊಟ್ಟು ಹೊರಟ. ದಾರಿಯಲ್ಲಿ ಸಿಕ್ಕಲ್ಲೆಲ್ಲ ತಿಂದು, ಕುಡಿದು, ವಿಶ್ರಮಿಸಿಯೂ ಎಂಟನೆಯವನಾಗಿ ಊರು ಸೇರಿದನೆಂಬುದನ್ನು ಅಲ್ಲಿಯವರು ಇಂದಿಗೂ ನಗುತ್ತ ಹೇಳುತ್ತಾರೆ. ಅಂದು ಗೆದ್ದ ಆರ್ಥರ್ ನ್ಯೂಟನ್ ಮಾತ್ರ ಬೇರೆಯೇ ಜಾತಿಯ ಮನುಷ್ಯ. ತನ್ನ ಜಮೀನಿನ ವಿಷಯದಲ್ಲಿ ಸರಕಾರದಿಂದ ಅನ್ಯಾಯವಾಗಿದೆ, ಹೆಸರು ಗಳಿಸಿದರೆ ತನ್ನ ಅಹವಾಲನ್ನು ಜನ ಕೇಳಿಯಾರು ಎಂದು ನಲವತ್ತರ ಸಮೀಪದಲ್ಲಿ ಓಟಕ್ಕಿಳಿದ ರೈತ ಅವನು. ಒಟ್ಟು ಐದು ಬಾರಿ ಗೆದ್ದ.

ಕೋಳಿ ಕೂಗಿದ ಮೇಲೆ

ಇಂದು ಓಟದ ದಿನ ಬೆಳಕು ಹರಿಯುವ ಮೊದಲೇ ಡರ್ಬನ್ನಿನ ಪುರಭವನದ ಮುಂದೆ ಜನಸಾಗರ ನೆರೆಯುತ್ತದೆ. ಅಲ್ಲಿ ಅದು ಚಳಿಗಾಲ. ಬಹುತೇಕ ಜೂನ್ ತಿಂಗಳು. ಓಟಗಾರರೆಲ್ಲ ತಮ್ಮ ತಮ್ಮ ಸಂಘಗಳ ಬನಿಯನ್ ತೊಟ್ಟಿರುತ್ತಾರೆ. ದಕ್ಷಿಣ ಆಫ್ರಿಕದವರು ಯಾವುದಾದರೊಂದು ಓಟದ ಸಂಘಕ್ಕೆ ಸೇರಿರಬೇಕೆಂಬುದು ನಿಯಮ. ಇತ್ತೀಚಿನ ವರ್ಷಗಳಲ್ಲಿ ಭಾರತದಿಂದಲೂ ನೂರಾರು ಮಂದಿ ಹೋಗುತ್ತಾರೆ. ಬೆಂಗಳೂರಿನ ಉದ್ಯಾನಗಳಲ್ಲಿ ಮುಂಜಾನೆ ಒಟ್ಟಾಗಿ ಓಡಿ ಪಳಗಿದವರೂ ಅವರಲ್ಲುಂಟು. ಗಡುವಿನೊಳಗೆ ಒಂದು ಮ್ಯಾರಥಾನ್ ಮುಗಿಸಿದ ದಾಖಲೆಯಿಲ್ಲದವರಿಗೆ ಪ್ರವೇಶವಿಲ್ಲ. ಎದೆಯ ಮೇಲಿನ ಚೀಟಿಯಲ್ಲಿ ಹಿಂದೆ ಎಷ್ಟು ಬಾರಿ ಈ ಓಟ ಮುಗಿಸಿದ್ದಾರೆಂಬುದೂ ಅಚ್ಚಾಗಿರುತ್ತದೆ. ಹೊಸಬನನ್ನು ಗುರುತಿಸಲು ಬೇರೆ ಲಕ್ಷಣ ಬೇಕಿಲ್ಲ.

ಹೊರಡುವ ಮುನ್ನ ಗಣಿ ಕಾರ್ಮಿಕರ ಹಾಡಾದ ‘ಶೋಶೊಲೋಜ’ವನ್ನು ಸಾವಿರಾರು ಕಂಠಗಳು ಒಂದಾಗಿ ಹಾಡುತ್ತವೆ. ಆ ಮೇಲೆ ಒಂದು ಕೋಳಿಯ ಕೂಗು. ಅದು ನಿಜವಾದ ಕೋಳಿಯಲ್ಲ. 1948ರಲ್ಲಿ ಮ್ಯಾಕ್ಸ್ ಟ್ರಿಂಬೋರ್ನ್ ಎಂಬ ಓಟಗಾರ ಉತ್ಸಾಹ ತಡೆಯಲಾರದೆ ಕೋಳಿಯಂತೆ ಕೂಗಿದನಂತೆ. ಅಂದಿನಿಂದ ಆ ಕೂಗು ಸಂಪ್ರದಾಯವಾಯಿತು. ಅವನ ಕಾಲಾನಂತರವೂ ಅವನ ಧ್ವನಿಮುದ್ರಣವೇ ಎಲ್ಲರನ್ನೂ ಹೊರಡಿಸುತ್ತದೆ.

ಮೇಲ್ಮುಖದ ಓಟದಲ್ಲಿ ಐದು ದೊಡ್ಡ ಏರುಗಳು: ಕೌಯೀಸ್ ಹಿಲ್, ಫೀಲ್ಡ್ಸ್ ಹಿಲ್, ಬೋಥಾಸ್ ಹಿಲ್, ಇಂಚಾಂಗ, ಪಾಲಿ ಶಾರ್ಟ್ಸ್. ಸಮುದ್ರಮಟ್ಟದಿಂದ ಹೊರಟ ದಾರಿ ಎಂಟುನೂರು ಮೀಟರಿನವರೆಗೂ ಏರುತ್ತದೆ. ಏರು ಸಿಕ್ಕಾಗ ನಡೆಯುವುದು ಅವಮಾನವಲ್ಲವೆಂದೂ, ಮೊದಲ ಇಪ್ಪತ್ತು ಕಿಲೋಮೀಟರಿನಲ್ಲಿ ತೋರಿದ ಶೌರ್ಯಕ್ಕೆ ಕೊನೆಯ ಇಪ್ಪತ್ತರಲ್ಲಿ ಬಡ್ಡಿ ಕಟ್ಟಬೇಕಾಗುವುದೆಂದೂ ಹಳಬರು ಹೊಸಬರಿಗೆ ಬುದ್ಧಿ ಹೇಳುತ್ತಾರೆ. ಲೆಕ್ಕ ಹಾಕಿ ನೋಡಿದರೆ ಬೇಕಾದ ವೇಗ ಗಂಟೆಗೆ ಏಳೂಕಾಲು ಕಿಲೋಮೀಟರು ಮಾತ್ರ. ಚುರುಕಾಗಿ ನಡೆಯುವವನ ವೇಗಕ್ಕಿಂತ ಅದು ಹೆಚ್ಚೇನೂ ಅಲ್ಲ. ಆದರೆ ಹನ್ನೆರಡು ಗಂಟೆಗಳ ಕಾಲ ಅದನ್ನು ಬಿಡದೆ ಹಿಡಿದಿರಬೇಕಲ್ಲ!

ಇದಕ್ಕಾಗಿಯೇ ಅಲ್ಲಿ ‘ಬಸ್ಸು’ಗಳಿವೆ. ಚಕ್ರವುಳ್ಳ ಬಸ್ಸುಗಳಲ್ಲ. ಅನುಭವಿಯೊಬ್ಬ ಇಂತಿಷ್ಟು ಗಂಟೆಗೆ ಮುಟ್ಟುವೆನೆಂದು ಫಲಕ ಹಿಡಿದು ಮುಂದೆ ಓಡುತ್ತಾನೆ; ಅವನೇ ‘ಡ್ರೈವರ್’. ನೂರಾರು ಜನ ಅವನನ್ನು ಹಿಂಬಾಲಿಸುತ್ತಾರೆ. ಅವನು ಹಾಡಿದರೆ ಹಾಡು, ನಡೆ ಎಂದರೆ ನಡಿಗೆ, ಓಡು ಎಂದರೆ ಓಟ.

ರಸ್ತೆಯ ಇಕ್ಕೆಲಗಳಲ್ಲಿ ಹೊತ್ತು ಹುಟ್ಟುವ ಮೊದಲಿನಿಂದ ಸಂಸಾರಸಮೇತ ಜನ ಕುಳಿತಿರುತ್ತಾರೆ. ಅಲ್ಲಲ್ಲಿ ಮೇಜುಗಳ ಮೇಲೆ ಉಪ್ಪು ಹಚ್ಚಿದ ಬೇಯಿಸಿದ ಆಲೂಗಡ್ಡೆ, ಕಿತ್ತಳೆ, ಬಾಳೆಹಣ್ಣು. ನೀರು ಸಣ್ಣ ಪ್ಲಾಸ್ಟಿಕ್ ಪೊಟ್ಟಣಗಳಲ್ಲಿ. ಹಲ್ಲಿನಿಂದ ಕಚ್ಚಿ ಹೀರಬೇಕು. ನೀರನ್ನೂ ಅಳತೆಯರಿತು ಕುಡಿಯಬೇಕೆಂಬ ಪಾಠ ವೈದ್ಯಲೋಕಕ್ಕೆ ಸಿಕ್ಕಿದ್ದರಲ್ಲಿ ಈ ರಸ್ತೆಯ ಪಾಲೂ ಇದೆ. ಅತಿಯಾಗಿ ಕುಡಿದರೆ ರಕ್ತದಲ್ಲಿ ಲವಣಾಂಶ ತೆಳುವಾಗಿ ಪ್ರಾಣಕ್ಕೇ ಸಂಚಕಾರ ಬರಬಹುದೆಂದು ಡಾ. ಟಿಮ್ ನೋಕ್ಸ್ ಮತ್ತು ಸಂಗಡಿಗರು 1985ರಲ್ಲಿ ದೂರದೋಟಗಾರರನ್ನು ಪರೀಕ್ಷಿಸಿ ಪ್ರಕಟಿಸಿದರು.

ಅರ್ಧ ದಾರಿಯಲ್ಲಿ

ಬೋಥಾಸ್ ಹಿಲ್ ದಾಟಿದೊಡನೆ ಒಂದು ಕಡೆ ‘ಸಾವಿರ ಬೆಟ್ಟಗಳ ಕಣಿವೆ’ ತೆರೆದುಕೊಳ್ಳುತ್ತದೆ. ಅಲೆಯ ಹಿಂದೆ ಅಲೆಯಂತೆ ಬೆಟ್ಟದ ಹಿಂದೆ ಬೆಟ್ಟ. ಮುಂದೆ ಡ್ರಮಂಡ್ ಎಂಬ ಹಳ್ಳಿ. ಹೆಚ್ಚುಕಡಮೆ ಅರ್ಧ ದಾರಿ. ಅದರ ಸಮೀಪ ರಸ್ತೆಬದಿಯ ದಿಬ್ಬದಲ್ಲಿ ಒಂದು ಗೂಡು ಕೊರೆದಂತಿದೆ. ನ್ಯೂಟನ್ ಅಲ್ಲಿ ಕುಳಿತು ದಣಿವಾರಿಸಿಕೊಳ್ಳುತ್ತಿದ್ದನೆಂದು ಪ್ರತೀತಿ. ಹಾದು ಹೋಗುವವರು ಅಲ್ಲೊಂದು ಹೂವಿಟ್ಟು, ‘ನಮಸ್ಕಾರ, ಆರ್ಥರ್’ ಎಂದು ಹೇಳಿ ಮುನ್ನಡೆಯುತ್ತಾರೆ. ಹಾಗೆ ಮಾಡಿದರೆ ಉಳಿದರ್ಧ ಸುಗಮವಂತೆ!

ನಿಜವಾದ ಪರೀಕ್ಷೆ ಮೊದಲಾಗುವುದು ಇಲ್ಲಿಂದಲೇ. ಒಂದೇ ಸಂಘದ ನಾಲ್ವರು ಜೊತೆಯಾಗಿ ಹೊರಟಿದ್ದರೆ, ಇಂಚಾಂಗದ ಏರಿನಲ್ಲಿ ಒಬ್ಬನ ಕಾಲು ಸೆಳೆಯುತ್ತದೆ. ಇನ್ನೊಬ್ಬನಿಗೆ ತಿಂದದ್ದು ನಿಲ್ಲದು. ತಿಂಗಳುಗಟ್ಟಲೆ ನಸುಕಿನಲ್ಲಿ ಒಟ್ಟಿಗೆ ಓಡಿದವರು ಅವರು. ಗಡಿಯಾರವೋ ಯಾರಿಗೂ ಕಾಯದು. ದಾರಿಯ ನಡುನಡುವೆಯೂ ಗಡುವುಗಳಿವೆ. ಮೀರಿದವರನ್ನು ಅಲ್ಲಿಯೇ ನಿಲ್ಲಿಸಿ ವಾಹನದಲ್ಲಿ ಕೂರಿಸುತ್ತಾರೆ. ನಿಂತು ಕಾದರೆ ಇಬ್ಬರೂ ಸೋಲಬಹುದು. ಬಿಟ್ಟು ಹೋದರೆ ಮುಗಿಸಿದ ಸಂತೋಷವೂ ಅರ್ಧವಾದೀತು. ‘ನೀನು ಹೋಗು, ನಾನು ಹಿಂದೆ ಬರುತ್ತೇನೆ’ ಎಂಬ ಮಾತನ್ನು ಬಳಲಿದವನೇ ಮೊದಲು ಆಡಬೇಕೆಂಬುದು ಅನುಭವಿಗಳ ಮತ. ಮುಂದೆ ಹೋಗುವವನ ಮನಸ್ಸಿನ ಭಾರವನ್ನು ಇಳಿಸಬಲ್ಲವನು ಅವನೊಬ್ಬನೇ. ಸಂಗಾತಿ ಎಂಬ ಶಬ್ದಕ್ಕೆ ಈ ಅರ್ಥವೂ ಉಂಟೆಂಬುದು ಹೊಸಬನಿಗೆ ಇಲ್ಲಿ ತಿಳಿಯುತ್ತದೆ.

ಎಣಿಕೆಗೆ ಬಾರದವರು

ಸಂಗಾತಿಗಳ ಹೆಸರು ಹೊತ್ತ ಈ ಓಟಕ್ಕೇ ಆ ಶಬ್ದದ ಪೂರ್ಣಾರ್ಥ ತಿಳಿಯಲು ಐವತ್ತನಾಲ್ಕು ವರ್ಷ ಬೇಕಾಯಿತು. 1923ರಲ್ಲಿ ಫ್ರಾನ್ಸಿಸ್ ಹೇವರ್ಡ್ ಎಂಬಾಕೆ ಹೆಣ್ಣೆಂಬ ಕಾರಣಕ್ಕೆ ಪ್ರವೇಶ ದೊರೆಯದೆ, ತಾನಾಗಿಯೇ ಓಡಿ 11 ಗಂಟೆ 35 ನಿಮಿಷಗಳಲ್ಲಿ ಗುರಿ ಮುಟ್ಟಿದಳು. ಪದಕ ಸಿಗಲಿಲ್ಲ. 1935ರಲ್ಲಿ ರಾಬರ್ಟ್ ಮ್‌ಚಾಲಿ ಎಂಬ ಕರಿಯ ಓಟಗಾರ ಸುಮಾರು ಒಂಬತ್ತೂವರೆ ಗಂಟೆಯಲ್ಲಿ ಮುಗಿಸಿದ. ಅವನ ಹೆಸರನ್ನೂ ದಾಖಲೆಗೆ ಸೇರಿಸಲಿಲ್ಲ. ಕರಿಯರಿಗೂ, ಭಾರತೀಯ ಮೂಲದವರಿಗೂ, ಹೆಂಗಸರಿಗೂ ಬಾಗಿಲು ಅಧಿಕೃತವಾಗಿ ತೆರೆದದ್ದು 1975ರಲ್ಲಿ. ಆ ವರ್ಷ ವಿನ್ಸೆಂಟ್ ರಕಬೇಲೆ ಇಪ್ಪತ್ತನೆಯವನಾಗಿ ಬಂದು ಪದಕ ಪಡೆದ. 1989ರಲ್ಲಿ ಸ್ಯಾಮ್ ಷಬಲಾಲ ಗೆದ್ದ ಮೊದಲ ಕರಿಯನೆನಿಸಿದ. 2019ರಿಂದ ಒಂಬತ್ತರಿಂದ ಹತ್ತು ಗಂಟೆಯೊಳಗೆ ಮುಗಿಸಿದವರಿಗೆ ಕೊಡುವ ಪದಕಕ್ಕೆ ಮ್‌ಚಾಲಿಯದೇ ಹೆಸರು. ಗಾಂಧೀಜಿಯನ್ನು ಇಳಿಸಿದ ಊರಿನಲ್ಲಿ ಈಗ ಎಲ್ಲ ಬಣ್ಣದವರೂ ಒಂದೇ ಗೆರೆ ದಾಟುತ್ತಾರೆ.

ಕೊನೆಯ ಗುಂಡು

ಗುರಿಗೆ ಸುಮಾರು ಎಂಟು ಕಿಲೋಮೀಟರು ಇರುವಾಗ ಪಾಲಿ ಶಾರ್ಟ್ಸ್ ಎದುರಾಗುತ್ತದೆ. ಉದ್ದ ಎರಡು ಕಿಲೋಮೀಟರಿಗೂ ಕಡಮೆ. ಆದರೆ ಎಪ್ಪತ್ತೈದಕ್ಕೂ ಮಿಗಿಲು ಕಿಲೋಮೀಟರು ಓಡಿದ ಕಾಲುಗಳಿಗೆ ಅದು ಗೋಡೆಯೇ ಸರಿ. ಅದನ್ನು ಹತ್ತಿ ಇಳಿದರೆ ಪೀಟರ್‌ಮಾರಿಟ್ಸ್‌ಬರ್ಗ್. ಅಷ್ಟರಲ್ಲಿ ಹೊತ್ತು ಮುಳುಗಿರುತ್ತದೆ. ಗೆದ್ದವರು ಮನೆ ಸೇರಿ ಎಷ್ಟೋ ಹೊತ್ತಾಗಿರುತ್ತದೆ. 2024ರಲ್ಲಿ ಈ ಏರನ್ನು 5 ಗಂಟೆ 49 ನಿಮಿಷಗಳಲ್ಲಿ ಮುಗಿಸಿ ಮಹಿಳೆಯರ ದಾಖಲೆ ಬರೆದವಳು ಗೆರ್ಡಾ ಸ್ಟೈನ್. ಆದರೂ ಪ್ರೇಕ್ಷಕರಲ್ಲಿ ಬಹಳ ಮಂದಿ ಕದಲದೆ ಕಾಯುವುದು ಕೊನೆಯವರಿಗಾಗಿ.

ಹನ್ನೆರಡನೆಯ ಗಂಟೆ ತುಂಬುವ ಹೊತ್ತಿಗೆ ಅಧಿಕಾರಿಯೊಬ್ಬ ಪಿಸ್ತೂಲು ಹಿಡಿದು ಗೆರೆಯ ಮೇಲೆ ನಿಲ್ಲುತ್ತಾನೆ, ಓಟಗಾರರಿಗೆ ಬೆನ್ನು ಮಾಡಿ. ಬರುವವರ ಮುಖ ಕಂಡರೆ ಕೈ ತಡೆದೀತಲ್ಲವೆ? ಗುಂಡು ಹಾರಿದ ಮೇಲೆ ಒಂದು ಹೆಜ್ಜೆ ಹಿಂದಿದ್ದವನಿಗೂ ಪದಕವಿಲ್ಲ. 1989ರಲ್ಲಿ, ಗಡುವು ಹನ್ನೊಂದು ಗಂಟೆಯಿದ್ದಾಗ, ಐದು ಬಾರಿ ಗೆದ್ದಿದ್ದ ವಾಲಿ ಹೇವರ್ಡ್ ತನ್ನ ಎಂಬತ್ತನೆಯ ವಯಸ್ಸಿನಲ್ಲಿ ಎರಡು ನಿಮಿಷಕ್ಕೂ ಕಡಮೆ ಉಳಿದಿರುವಂತೆ ತತ್ತರಿಸುತ್ತ ಗೆರೆ ದಾಟಿದ. ಮೊದಲ ಗೆಲುವುಗಳಿಗಿಂತ ಆ ಒಂದು ದಿನವನ್ನೇ ಜನ ಹೆಚ್ಚು ನೆನೆಯುತ್ತಾರೆ.

ಆ ಕೊನೆಯ ನಿಮಿಷಗಳಲ್ಲಿ ಕುಸಿದವನ ತೋಳನ್ನು ಹೆಗಲಮೇಲೆ ಹಾಕಿಕೊಂಡು ಬರುವವರನ್ನು ಪ್ರತಿವರ್ಷವೂ ಕಾಣಬಹುದು. ಎಷ್ಟೋ ಸಲ ಅವರು ಒಬ್ಬರಿಗೊಬ್ಬರು ಪರಿಚಿತರೂ ಅಲ್ಲ. ತೊಟ್ಟ ಬನಿಯನ್ನಿನ ಬಣ್ಣವೇ ಬೇರೆ. ತನಗೆ ಪದಕ ತಪ್ಪಬಹುದೆಂದು ತಿಳಿದೂ ನಿಂತವನಿಗೆ ಮರುದಿನದ ಪತ್ರಿಕೆಯಲ್ಲಿ ಹೆಸರಿರದೆ ಹೋಗಬಹುದು. ಆದರೆ ಓಟ ಹುಟ್ಟಿದ್ದು ಬಿದ್ದ ಜೊತೆಗಾರರ ನೆನಪಿಗಾಗಿ. ಕ್ಲಾಫಮ್ ಬೇಡಿದ್ದು ಅಂಥ ಒಂದು ಹೆಗಲನ್ನೇ.