ಪೈಥಾನ್ ಸರಣಿ 6: ಲೆಕ್ಕಕ್ಕೊಂದು ಬೇರೆ ಫೈಲ್

ನಮ್ಮ ಹಾಸ್ಟೆಲ್ ಮೆಸ್ ಬಿಲ್ ಆ್ಯಪ್ ಫ್ಲಾಸ್ಕ್‌ನಲ್ಲಿದೆ. ಆದ್ರೆ ಬಿಲ್ ಲೆಕ್ಕದ ಫೈಲ್‌ನಲ್ಲಿ ಫ್ಲಾಸ್ಕ್ ಹೆಸರೇ ಇಲ್ಲ, ನೋಡಿ.

ಬಿಲ್, ರಜೆ ಕಡಿತ ಎರಡೂ ಕ್ಲಾಸ್ ಒಂದೇ ಮಾಡ್ಯೂಲ್‌ನಲ್ಲಿವೆ. ಜಾವಾ ಥರ ಕ್ಲಾಸಿಗೊಂದು ಫೈಲ್ ಪೈಥಾನ್‌ಗೆ ಬೇಕಿಲ್ಲ; ಒಟ್ಟಿಗೆ ಬದಲಾಗೋದು ಒಟ್ಟಿಗಿರಲಿ.

ರೂಟ್ಸ್ ಫೈಲ್ ಬಿಲ್ಲಿಂಗನ್ನು ಇಂಪೋರ್ಟ್ ಮಾಡುತ್ತೆ. ಬಿಲ್ಲಿಂಗ್ ತಿರುಗಿ ರೂಟ್ಸನ್ನು ಕರೆಯಬಾರದು. ಕರೆದರೆ ಸರ್ಕ್ಯುಲರ್ ಇಂಪೋರ್ಟ್ ಕಾಟ ಶುರು.

ಲಾಭ ಏನು ಗೊತ್ತಾ? ಸರ್ವರ್ ಓಡಿಸದೇ ಪೈಟೆಸ್ಟ್‌ನಲ್ಲಿ ಲೆಕ್ಕ ಪರೀಕ್ಷಿಸಬಹುದು: ದಿನಕ್ಕೆ 100 ರೂಪಾಯಿ, 30 ದಿನದಲ್ಲಿ 4 ರಜೆ, ಬಿಲ್ 2,600 ಬರಲೇಬೇಕು.

ಈ ದುಡ್ಡು ಕಟ್ಟೋರು ಊರಲ್ಲಿರೋ ಅಪ್ಪ ಅಮ್ಮ. ಒಂದು ಬಟನ್ ಬಣ್ಣ ಬದಲಿಸಲು ಹೋಗಿ ಅವರ ಲೆಕ್ಕ ತಪ್ಪಬಾರದು.

ನಿಮ್ಮ ಪ್ರಾಜೆಕ್ಟ್‌ನಲ್ಲಿ ಲೆಕ್ಕ ಯಾವ ಫೈಲ್‌ನಲ್ಲಿದೆ? ಕಾಮೆಂಟ್ ಹಾಕಿ.