ಎಮ್ಮೆ ನದಿಯ ಕಣಿವೆಯಲ್ಲಿ ಸೈಕಲ್ ಸವಾರಿ

ಸ್ವಿಟ್ಸರ್‌ಲ್ಯಾಂಡ್ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಹಿಮ ಹೊದ್ದ ಪರ್ವತಗಳು, ಕೈಗಡಿಯಾರ, ಚಾಕಲೇಟ್ ಮತ್ತು ಹಿಂದಿ ಸಿನಿಮಾದ ಹಾಡುಗಳು. ಪ್ರವಾಸಿಗರ ಬಸ್ಸುಗಳೂ ಅಲ್ಲಿಗೇ ಹೋಗುತ್ತವೆ. ಆದರೆ ಆ ದೇಶದ ಸಾಮಾನ್ಯ ಜನರು ನೂರಾರು ವರ್ಷಗಳಿಂದ ಹೇಗೆ ಬದುಕಿದರು, ಏನು ಉಂಡರು, ಮಕ್ಕಳನ್ನು ಹೇಗೆ ಬೆಳೆಸಿದರು ಎಂಬುದನ್ನು ತಿಳಿಯಬೇಕಾದರೆ ಹಿಮದ ಬೆಟ್ಟಗಳಿಂದ ಸ್ವಲ್ಪ ಕೆಳಗಿಳಿಯಬೇಕು. ಅಲ್ಲಿ ಹಸಿರು ಗುಡ್ಡಗಳ ಒಂದು ನಾಡಿದೆ. ಅದರ ಹೆಸರು ಎಮ್ಮೆನ್‌ಟಾಲ್.

ಈ ಹೆಸರು ಕೇಳಿ ನಗು ಬಂದರೆ ತಪ್ಪಲ್ಲ. ಜರ್ಮನ್ ಭಾಷೆಯಲ್ಲಿ 'ಟಾಲ್' ಎಂದರೆ ಕಣಿವೆ. 'ಎಮ್ಮೆ' ಎಂಬುದು ಅಲ್ಲಿ ಹರಿಯುವ ನದಿಯ ಹೆಸರು. ಎಮ್ಮೆ ಎಂಬ ನದಿಯ ದಡದಲ್ಲಿ ಮೇಯುವುದೆಲ್ಲ ಹಸುಗಳೇ! ರಾಜಧಾನಿ ಬರ್ನ್‌ನ ಪೂರ್ವಕ್ಕಿರುವ ಈ ಪ್ರದೇಶಕ್ಕೆ ರೈಲಿನಲ್ಲಿ ಅರ್ಧ ಗಂಟೆಯೂ ಬೇಕಿಲ್ಲ. ಕಳೆದ ವರ್ಷ ಜೂನ್ ತಿಂಗಳಲ್ಲಿ ಬರ್ನ್‌ನಲ್ಲಿ ನೆಲೆಸಿರುವ ತಮ್ಮನ ಮನೆಗೆ ಹೋಗಿದ್ದಾಗ ಒಂದು ದಿನ ಅವನು, ಅವನ ಮಡದಿ ಮತ್ತು ನಾನು ಅಲ್ಲಿಗೆ ಹೊರಟೆವು. ಬುರ್ಗ್‌ಡಾರ್ಫ್ ಎಂಬ ಹಳೆಯ ಪಟ್ಟಣದಲ್ಲಿ ಬಾಡಿಗೆಗೆ ಸೈಕಲ್ ಪಡೆದು, ಗುಡ್ಡ ಹತ್ತಿ, ಹಳ್ಳಿಗಳನ್ನು ಸುತ್ತಿ ಸುಮಾರು 35 ಕಿಲೋಮೀಟರ್ ಸಾಗಿ ಅಲ್ಲಿಗೇ ಮರಳುವುದು ನಮ್ಮ ಯೋಜನೆಯಾಗಿತ್ತು.

ತಾಯಂದಿರಿಗಾಗಿ ಬರೆದ ಶಿಕ್ಷಕ

ಬುರ್ಗ್‌ಡಾರ್ಫ್‌ನ ಮನೆಗಳ ಮೇಲೆ ಒಂದು ಕೋಟೆ ತಲೆಯೆತ್ತಿ ನಿಂತಿದೆ. ಸುಮಾರು 1200ರ ಹೊತ್ತಿಗೆ ತ್ಸೇರಿಂಗನ್ ವಂಶದ ಒಡೆಯರು ಕಟ್ಟಿಸಿದ್ದು. ಈಗ ಅದರೊಳಗೆ ವಸ್ತುಸಂಗ್ರಹಾಲಯವಿದೆ, ಯುವ ಪ್ರವಾಸಿಗರ ವಸತಿಗೃಹವಿದೆ. ಶಿಕ್ಷಕಿಯಾದ ನನಗೆ ಆ ಕೋಟೆ ಮುಖ್ಯವಾದದ್ದು ಬೇರೆ ಕಾರಣಕ್ಕೆ. ಶಿಕ್ಷಕರ ತರಬೇತಿಯ ಪುಸ್ತಕಗಳಲ್ಲಿ ನಾವೆಲ್ಲ ಓದುವ ಪೆಸ್ಟಾಲಜಿ 1800ರಿಂದ 1804ರವರೆಗೆ ಶಾಲೆ ನಡೆಸಿದ್ದು ಇದೇ ಕೋಟೆಯಲ್ಲಿ.

ಅದಕ್ಕೂ ಮುನ್ನ ಅವರು ತಮ್ಮ ಜಮೀನಿನಲ್ಲಿ ಬಡ ಮಕ್ಕಳನ್ನು ಸಾಕಿ ಓದು ಮತ್ತು ಕಸುಬು ಕಲಿಸಲು ಹೋಗಿ ಕೈ ಸುಟ್ಟುಕೊಂಡಿದ್ದರು. 1798ರಲ್ಲಿ ಫ್ರೆಂಚ್ ಸೈನ್ಯದ ದಾಳಿಯಿಂದ ಅನಾಥರಾದ ಮಕ್ಕಳನ್ನು ಶ್ಟಾನ್ಸ್ ಎಂಬ ಊರಿನಲ್ಲಿ ಕೆಲವು ತಿಂಗಳು ನೋಡಿಕೊಂಡಿದ್ದರು. ಆ ಅನುಭವಗಳನ್ನು ಹೊತ್ತು ಬುರ್ಗ್‌ಡಾರ್ಫ್‌ಗೆ ಬಂದವರು 1801ರಲ್ಲಿ ಪತ್ರಗಳ ರೂಪದಲ್ಲಿ ಒಂದು ಪುಸ್ತಕ ಬರೆದರು. ತಾಯಂದಿರು ತಮ್ಮ ಮಕ್ಕಳಿಗೆ ತಾವೇ ಹೇಗೆ ಕಲಿಸಬಹುದು ಎಂಬುದೇ ಅದರ ಉದ್ದೇಶ. ಬಾಯಿಪಾಠಕ್ಕಿಂತ ಮೊದಲು ಮಗು ಕಣ್ಣಾರೆ ನೋಡಬೇಕು, ಮುಟ್ಟಬೇಕು, ಎಣಿಸಬೇಕು. ತಲೆ, ಹೃದಯ ಮತ್ತು ಕೈ ಮೂರೂ ಒಟ್ಟಿಗೆ ಬೆಳೆಯಬೇಕು ಎಂಬುದು ಅವರ ವಿಚಾರ. ಬಡವನ ಮಗುವಿಗೂ ಇದು ಸಿಗಬೇಕು ಎಂದು ಅವರು ಪಟ್ಟು ಹಿಡಿದಿದ್ದರು. ಈ ಮಾತು ಮನಸ್ಸಿನಲ್ಲಿರಲಿ, ಮುಂದೆ ಬೇಕಾಗುತ್ತದೆ.

ಕೆಂಪು ಫಲಕದ ದಾರಿ

ಪಟ್ಟಣ ದಾಟಿದೊಡನೆ ಏರು ಶುರು. ಹೈಮಿಸ್‌ವಿಲ್ ಎಂಬ ಹಳ್ಳಿಯ ಮೂಲಕ ದಾರಿ ಗುಡ್ಡದ ಬೆನ್ನಿಗೆ ಹತ್ತುತ್ತದೆ. ನಮ್ಮದು ಬ್ಯಾಟರಿ ಸಹಾಯದ ಸೈಕಲ್. ಪೆಡಲ್ ತುಳಿಯಲೇಬೇಕು. ತುಳಿದರೆ ಮಾತ್ರ ಮೋಟಾರು ನೆರವಾಗುತ್ತದೆ, ಗಂಟೆಗೆ 25 ಕಿಲೋಮೀಟರ್ ವೇಗ ದಾಟಿದರೆ ಅದೂ ನಿಲ್ಲುತ್ತದೆ. "ಅಕ್ಕಾ, ಏರಿನಲ್ಲಿ ಗೇರ್ ಬದಲಿಸಲು ತಡ ಮಾಡಬೇಡಿ" ಎಂದು ತಮ್ಮನ ಮಡದಿ ಮುಂದಿನಿಂದ ಕೂಗಿ ಹೇಳುತ್ತಿದ್ದಳು. ನಮ್ಮನ್ನು ದಾಟಿ ಹೋದ ಎಪ್ಪತ್ತರ ಹರೆಯದ ಅಜ್ಜಿಯೊಬ್ಬರು ಕೈಯೆತ್ತಿ ಹಾರೈಸಿ ಮುಂದೆ ಸಾಗಿದರು. ನಮ್ಮ ತಲೆವಸ್ತ್ರವನ್ನು ಯಾರೂ ತಿರುಗಿ ನೋಡಲಿಲ್ಲ. ಆದರೆ 2025ರ ಜನವರಿಯಿಂದ ಆ ದೇಶದಲ್ಲಿ ಸಾರ್ವಜನಿಕ ಸ್ಥಳಗಳಲ್ಲಿ ಮುಖ ಮುಚ್ಚುವುದಕ್ಕೆ ಕಾನೂನಿನ ನಿಷೇಧವಿದೆ, ದಂಡವೂ ಇದೆ. ಹೋಗುವ ಸಹೋದರಿಯರು ಇದನ್ನು ತಿಳಿದಿರುವುದು ಒಳ್ಳೆಯದು. ತಲೆವಸ್ತ್ರಕ್ಕೆ ಈ ಕಾನೂನು ಅನ್ವಯಿಸುವುದಿಲ್ಲ.

ದಾರಿ ತಪ್ಪುವ ಭಯವೇ ಇಲ್ಲ. ಪ್ರತಿ ಕವಲಿನಲ್ಲೂ ಸೈಕಲ್‌ನ ಚಿತ್ರವಿರುವ ಕೆಂಪು ಫಲಕವಿದೆ. 1998ರಲ್ಲಿ 9 ರಾಷ್ಟ್ರೀಯ ಸೈಕಲ್ ಮಾರ್ಗಗಳನ್ನು ಗುರುತಿಸಿ ಈ ವ್ಯವಸ್ಥೆ ಆರಂಭಿಸಿದರು. ಈಗ ಇನ್ನೂ ಹಲವು ಮಾರ್ಗಗಳು ಸೇರಿವೆ. 99ನೇ ಸಂಖ್ಯೆಯ 'ಹೃದಯ ಮಾರ್ಗ' ದೇಶದ ಪಶ್ಚಿಮದ ಲೋಸಾನ್‌ನಿಂದ ಪೂರ್ವದ ರೋರ್ಶಾಕ್‌ವರೆಗೆ ಗುಡ್ಡಗಾಡಿನಲ್ಲೇ ಸಾಗುತ್ತದೆ. ಬುರ್ಗ್‌ಡಾರ್ಫ್ ಕೂಡ ಅದರ ಒಂದು ತಂಗುದಾಣ. 2018ರ ಸೆಪ್ಟೆಂಬರ್‌ನಲ್ಲಿ ಸೈಕಲ್ ದಾರಿಗಳ ಬಗ್ಗೆ ಸಂವಿಧಾನದಲ್ಲೇ ಬರೆಯಬೇಕೇ ಎಂದು ಜನರ ಮತ ಕೇಳಲಾಯಿತು. ಶೇಕಡಾ 73.6 ಮಂದಿ ಹೌದು ಎಂದರು. 2023ರಿಂದ ಅದಕ್ಕೆಂದೇ ಕಾನೂನು ಜಾರಿಯಲ್ಲಿದೆ.

ಹೆಚ್ಚಿನ ಕಡೆ ಇವು ಸೈಕಲ್‌ಗೆಂದೇ ಮಾಡಿದ ದಾರಿಗಳಲ್ಲ. ರೈತರ ಟ್ರಾಕ್ಟರ್ ಮತ್ತು ಹಾಲಿನ ಗಾಡಿ ಓಡಾಡಲು ಡಾಂಬರು ಹಾಕಿದ ಕಿರುದಾರಿಗಳು. ಹಾಗಾಗಿ ನಾವು ಜನರ ಅಂಗಳದ ಅಂಚಿನಲ್ಲೇ ಹಾದು ಹೋಗುತ್ತೇವೆ. ಹುಲ್ಲು ಕೊಯ್ಯುವ ಕಾಲವಾದ್ದರಿಂದ ಗಾಳಿಯಲ್ಲೆಲ್ಲ ಒಣಹುಲ್ಲಿನ ಪರಿಮಳ. ಹಸುಗಳ ಕೊರಳ ಗಂಟೆಯ ನಾದ ಗುಡ್ಡದಿಂದ ಗುಡ್ಡಕ್ಕೆ ಕೇಳುತ್ತದೆ. ಮನೆಯ ಮುಂದೆ ಒಂದು ಚಿಕ್ಕ ಕಪಾಟಿನಲ್ಲಿ ಮೊಟ್ಟೆ, ಜಾಮ್ ಇಟ್ಟು ಬೆಲೆ ಬರೆದಿರುತ್ತಾರೆ. ಪಕ್ಕದಲ್ಲೊಂದು ಹಣದ ಡಬ್ಬ. ಕಾಯಲು ಯಾರೂ ಇಲ್ಲ. ಗುಡ್ಡದ ನೆತ್ತಿ ಲುಯೆಗ್ ಸಮುದ್ರ ಮಟ್ಟದಿಂದ 887 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ದಕ್ಷಿಣಕ್ಕೆ ನೋಡಿದರೆ ಆಲ್ಪ್ಸ್‌ನ ಬಿಳಿ ಸಾಲು ಆಕಾಶದ ತುದಿಗೆ ಅಂಟಿಸಿದಂತೆ ಕಾಣುತ್ತದೆ.

ಒಂದೇ ಸೂರಿನ ಕೆಳಗೆ

ಈ ನಾಡಿನ ನಿಜವಾದ ಐತಿಹಾಸಿಕ ಸ್ಮಾರಕಗಳೆಂದರೆ ರೈತರ ಮನೆಗಳು. ಮರದ ದೊಡ್ಡ ಮನೆ, ನೆಲದತ್ತ ಬಾಗಿದ ಭಾರೀ ಮಾಡು, ಕಿಟಕಿಗಳ ಸಾಲಿನಲ್ಲಿ ಕೆಂಪು ಜೆರೇನಿಯಂ ಹೂಗಳು. ಮನುಷ್ಯರ ವಾಸ, ಹಸುಗಳ ಕೊಟ್ಟಿಗೆ, ಹುಲ್ಲಿನ ಅಟ್ಟ ಎಲ್ಲವೂ ಅದೇ ಸೂರಿನ ಕೆಳಗೆ. ಧಾನ್ಯ ಮತ್ತು ಬೆಲೆಬಾಳುವ ವಸ್ತುಗಳನ್ನಿಡುವ ಕಣಜ ಮಾತ್ರ ಬೇರೆ, ಮನೆಗೆ ಬೆಂಕಿ ಬಿದ್ದರೂ ಅದು ಉಳಿಯಲಿ ಎಂದು. ಪಕ್ಕದಲ್ಲಿ ಇನ್ನೊಂದು ಪುಟ್ಟ ಮನೆ ಇರುತ್ತದೆ. ಅದಕ್ಕೆ 'ಶ್ಟೋಕ್ಲಿ' ಎನ್ನುತ್ತಾರೆ. ಜಮೀನಿನ ಹೊಣೆ ಮಗನಿಗೆ ಬಂದಾಗ ತಂದೆ ತಾಯಿ ದೊಡ್ಡ ಮನೆ ಬಿಟ್ಟು ಇಲ್ಲಿಗೆ ಬರುತ್ತಾರೆ. ಎಮ್ಮೆನ್‌ಟಾಲ್‌ನ ಸಂಪ್ರದಾಯದಲ್ಲಿ ಜಮೀನು ಸಿಗುತ್ತಿದ್ದುದು ಕಿರಿಯ ಮಗನಿಗೆ. ಅಂಗಳ ಒಂದೇ, ಒಲೆ ಎರಡು. ಅತ್ತೆ ಸೊಸೆಯರ ನಡುವೆ ನೂರು ಹೆಜ್ಜೆಯ ಅಂತರ. ನಮ್ಮ ಓದುಗ ಸಹೋದರಿಯರಲ್ಲಿ ಎಷ್ಟು ಮಂದಿ ಇದನ್ನು ಓದಿ ಮುಗುಳ್ನಗುತ್ತಾರೋ!

ಅಫೊಲ್ಟರ್ನ್ ಹಳ್ಳಿಯಲ್ಲಿ ಚೀಸ್ ತಯಾರಿಸುವುದನ್ನು ಕಣ್ಣಾರೆ ನೋಡಬಹುದು. ದೊಡ್ಡ ತೂತುಗಳಿರುವ ಹೆಸರಾಂತ ಚೀಸ್ ಈ ಕಣಿವೆಯದೇ. ಒಂದು ಕಿಲೋ ಚೀಸ್‌ಗೆ ಸುಮಾರು 12 ಲೀಟರ್ ಹಸಿ ಹಾಲು ಬೇಕು. ಒಂದೊಂದು ಗಾಲಿ 75ರಿಂದ 120 ಕಿಲೋ ತೂಗುತ್ತದೆ, ಕಡಿಮೆಯೆಂದರೆ 120 ದಿನ ಹದಗೊಳ್ಳಬೇಕು. ತೂತುಗಳ ಕಥೆ ಸ್ವಾರಸ್ಯವಾಗಿದೆ. ಒಳಗಿನ ಬ್ಯಾಕ್ಟೀರಿಯಾ ಹೊರಬಿಡುವ ಅನಿಲದಿಂದ ಅವು ಆಗುತ್ತವೆ ಎಂದು ಮೊದಲೇ ಗೊತ್ತಿತ್ತು. ಆದರೆ ತೂತುಗಳು ಕಡಿಮೆಯಾಗುತ್ತಿರುವುದೇಕೆ ಎಂಬುದು ಒಗಟಾಗಿತ್ತು. ಬಕೆಟ್‌ನಲ್ಲಿ ಹಾಲು ಕರೆಯುವಾಗ ಬೀಳುತ್ತಿದ್ದ ಒಣಹುಲ್ಲಿನ ಸೂಕ್ಷ್ಮ ಧೂಳಿನ ಸುತ್ತಲೇ ತೂತು ಹುಟ್ಟುತ್ತದೆ, ಯಂತ್ರ ಬಂದು ಹಾಲು ಶುಭ್ರವಾದಂತೆ ತೂತು ಕಡಿಮೆಯಾಯಿತು ಎಂದು 2015ರಲ್ಲಿ ಅಲ್ಲಿನ ಸರಕಾರಿ ಸಂಶೋಧಕರು ತೋರಿಸಿದರು. ಅಂದಹಾಗೆ, ಈ ಸಾಂಪ್ರದಾಯಿಕ ಚೀಸ್‌ನಲ್ಲಿ ಹಾಲು ಒಡೆಯಲು ಬಳಸುವುದು ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು. ಆಹಾರದ ವಿಷಯದಲ್ಲಿ ಎಚ್ಚರ ವಹಿಸುವವರು ಕೇಳಿಯೇ ಕೊಳ್ಳಬೇಕು.

ಹರಾಜಾದ ಬಾಲ್ಯ

ಅಫೊಲ್ಟರ್ನ್‌ನಿಂದ ಇಳಿದು ಹೋದರೆ ಟ್ರಾಕ್ಸೆಲ್‌ವಾಲ್ಡ್ ಕೋಟೆ. 1653ರಲ್ಲಿ ತೆರಿಗೆ ಮತ್ತು ಸಾಲದ ಭಾರ ತಾಳಲಾರದೆ ರೈತರು ದಂಗೆಯೆದ್ದಾಗ ಅವರ ನಾಯಕ ನಿಕ್ಲೌಸ್ ಲೊಯೆನ್‌ಬರ್ಗರ್‌ನನ್ನು ಬಂಧಿಸಿಟ್ಟದ್ದು ಇಲ್ಲಿ. ಬಳಿಕ ಬರ್ನ್‌ನಲ್ಲಿ ಅವನ ತಲೆ ಕಡಿದರು. ಸರಕಾರದ ಚರ್ಚಿಗೆ ಒಪ್ಪದ ಪಂಗಡದವರನ್ನೂ ಇದೇ ಗೋಪುರದಲ್ಲಿ ಕೂಡಿಹಾಕುತ್ತಿದ್ದರು. ಅಲ್ಲಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ ನದಿಯ ಬಳಿ ಲ್ಯುಟ್ಸೆಲ್‌ಫ್ಲೂ ಎಂಬ ಹಳ್ಳಿ.

ಇಲ್ಲಿನ ಪಾದ್ರಿಯಾಗಿದ್ದ ಆಲ್ಬರ್ಟ್ ಬಿಟ್ಸಿಯುಸ್ 1837ರಲ್ಲಿ ತಮ್ಮ ಮೊದಲ ಕಾದಂಬರಿ ಬರೆದರು. ಊರವರ ಕೈಗೆ ಸಿಕ್ಕಿ ಮನೆಯಿಂದ ಮನೆಗೆ ದುಡಿಯಲು ಸಾಗಿಸಲ್ಪಟ್ಟ ಬಡ ಹುಡುಗನ ಕಥೆ ಅದು. ಹುಡುಗನ ಹೆಸರು ಜೆರೆಮಿಯಾಸ್ ಗಾಟ್‌ಹೆಲ್ಫ್. ಲೇಖಕರು ಆ ಹೆಸರನ್ನೇ ತಮ್ಮ ಕಾವ್ಯನಾಮವಾಗಿ ಇಟ್ಟುಕೊಂಡರು, ಜಗತ್ತು ಅವರನ್ನು ಹಾಗೆಯೇ ನೆನಪಿಟ್ಟುಕೊಂಡಿತು. ಅವರು ಬದುಕಿದ್ದ ಮನೆ ಇಂದು ವಸ್ತುಸಂಗ್ರಹಾಲಯ.

ಕಥೆ ಕಲ್ಪನೆಯಾದರೂ ಪದ್ಧತಿ ಕಲ್ಪನೆಯಲ್ಲ. ತಂದೆ ತೀರಿಕೊಂಡ, ತಾಯಿ ಬಡವಳಾದ, ಇಲ್ಲವೇ ಹೆತ್ತವರ ಮದುವೆಯೇ ಆಗಿರದ ಮಕ್ಕಳನ್ನು ಗ್ರಾಮಾಡಳಿತ ರೈತರ ಮನೆಗೆ ಒಪ್ಪಿಸುತ್ತಿತ್ತು. ಎಷ್ಟೋ ಕಡೆ ಬಹಿರಂಗ ಹರಾಜು ನಡೆಯುತ್ತಿತ್ತು. ಅದು ನಾವು ಕಂಡ ಹರಾಜಿನಂತಲ್ಲ, ತಿರುಗುಮುರುಗಾದ ಹರಾಜು. ಮಗುವನ್ನು ಸಾಕಲು ಸರಕಾರದಿಂದ ಯಾರು ಅತಿ ಕಡಿಮೆ ಹಣ ಕೇಳುತ್ತಾರೋ ಅವರಿಗೇ ಮಗು. ಕಡಿಮೆ ಹಣಕ್ಕೆ ಒಯ್ದವನು ಉಳಿದದ್ದನ್ನು ಮಗುವಿನ ಮೈಯಿಂದಲೇ ದುಡಿಸಿಕೊಳ್ಳುತ್ತಿದ್ದ. ಬೆಳಗಿನ ಜಾವ ಕೊಟ್ಟಿಗೆ, ಹಗಲು ಹೊಲ, ಉಳಿದ ಹೊತ್ತಿಗೆ ಶಾಲೆ. ಒಳ್ಳೆಯವರ ಕೈಗೆ ಸಿಕ್ಕಿದವರು ಬದುಕಿದರು. ಅನೇಕರಿಗೆ ಹೊಡೆತ, ಹಸಿವು, ಅದಕ್ಕಿಂತಲೂ ಹೀನವಾದ ದೌರ್ಜನ್ಯ. ಮನೆಯವರ ಊಟದ ಮೇಜಿನ ಬಳಿ ಕೂರುವ ಹಕ್ಕೂ ಕೆಲವರಿಗಿರಲಿಲ್ಲ. ಹರಾಜು ನಿಂತ ಮೇಲೂ ಮಕ್ಕಳನ್ನು ಹೀಗೆ ಕಳುಹಿಸುವುದು 20ನೇ ಶತಮಾನದ ಅರವತ್ತರ ದಶಕದವರೆಗೂ ನಡೆಯಿತು. ಬರ್ನ್ ಪ್ರಾಂತವೇ ಅದಕ್ಕೆ ಹೆಚ್ಚು ಹೆಸರಾಗಿತ್ತು. ಇತರ ಮಕ್ಕಳಿಗೆ ತಾಯಂದಿರು ಹೇಗೆ ಕಲಿಸಬೇಕೆಂದು ಪುಸ್ತಕ ಬರೆಯಲಾದ ಕೋಟೆಯಿಂದ ಸೈಕಲ್ ತುಳಿದು ಮುಟ್ಟುವಷ್ಟು ಹತ್ತಿರದಲ್ಲಿ ಈ ಮಕ್ಕಳಿದ್ದರು.

2013ರ ಏಪ್ರಿಲ್ 11ರಂದು ಬರ್ನ್‌ನಲ್ಲಿ ನ್ಯಾಯಾಂಗ ಖಾತೆಯ ಸಚಿವೆ ಸಿಮೊನೆಟಾ ಸೊಮ್ಮರುಗ ಸರಕಾರದ ಪರವಾಗಿ ಇವರ ಕ್ಷಮೆ ಕೇಳಿದರು. 2017ರಲ್ಲಿ ಕಾನೂನು ಜಾರಿಯಾಗಿ, ಅನ್ಯಾಯಕ್ಕೊಳಗಾದ ಪ್ರತಿಯೊಬ್ಬರಿಗೂ 25,000 ಫ್ರಾಂಕ್ ಕೊಡಲು ತೀರ್ಮಾನವಾಯಿತು. ಆ ಹೊತ್ತಿಗೆ ಮಕ್ಕಳು ಮುದುಕರಾಗಿದ್ದರು, ಎಷ್ಟೋ ಮಂದಿ ಮಣ್ಣು ಸೇರಿದ್ದರು. ಕಳೆದ ಬಾಲ್ಯವನ್ನು ಯಾವ ಹಣವೂ ತಂದುಕೊಡದು. ಆದರೂ ಸುಳ್ಳು ಹೇಳುತ್ತಿದ್ದಾರೆಂದು ಅರ್ಧ ಶತಮಾನ ಯಾರೂ ನಂಬದ ಮಾತನ್ನು ದೇಶವೇ ಎದ್ದು ನಿಂತು ನಿಜವೆಂದು ಒಪ್ಪಿತು. ಅದಕ್ಕೂ ಒಂದು ಬೆಲೆಯಿದೆ.

ಲ್ಯುಟ್ಸೆಲ್‌ಫ್ಲೂವಿನಿಂದ ದಾರಿ ನದಿಯ ಜತೆ ಸಮತಟ್ಟಾಗಿ ಸಾಗುತ್ತದೆ. 1837ರ ಆಗಸ್ಟ್‌ನಲ್ಲಿ ಈ ಸೌಮ್ಯ ನದಿ ಉಕ್ಕಿ ಸೇತುವೆಗಳನ್ನೇ ಕೊಚ್ಚಿಕೊಂಡು ಹೋಯಿತು. ಆನಂತರ 1839ರಲ್ಲಿ ಹಾಸ್ಲೆಯ ಬಳಿ ನಡುವೆ ಕಂಬವೇ ಇಲ್ಲದ, ಮಾಡು ಹೊದಿಸಿದ ಮರದ ಕಮಾನು ಸೇತುವೆ ಕಟ್ಟಿದರು. ಅದನ್ನು ಮುಂದೆ ಬಿಚ್ಚಿ ಸ್ವಲ್ಪ ದೂರಕ್ಕೆ ಸಾಗಿಸಿ ಮತ್ತೆ ಜೋಡಿಸಿದ್ದಾರೆ. ಅದರೊಳಗೆ ಸೈಕಲ್ ತಳ್ಳಿಕೊಂಡು ಹೋಗುವಾಗ ಮರದ ತಂಪು ವಾಸನೆ, ಹಲಗೆಗಳ ಸದ್ದು, ಕೆಳಗೆ ನೀರಿನ ಸಪ್ಪಳ.

ಸುಂದರ ನಾಡುಗಳನ್ನು ನೋಡಿ ಬಂದವರು ಸಾಮಾನ್ಯವಾಗಿ ಎರಡು ಮಾತು ಹೇಳುತ್ತಾರೆ. ಅಲ್ಲಿ ಎಲ್ಲವೂ ಸ್ವರ್ಗ ಎನ್ನುವವರು ಕೆಲವರು, ಅಲ್ಲಿನದೆಲ್ಲ ಹೊರಗಿನ ಥಳುಕು ಎನ್ನುವವರು ಕೆಲವರು. ಎಮ್ಮೆ ಕಣಿವೆಯನ್ನು ನಿಧಾನವಾಗಿ ಸುತ್ತಿದವರಿಗೆ ಎರಡೂ ಸುಳ್ಳೆನಿಸುತ್ತದೆ. ಹೂ ತುಂಬಿದ ಆ ಕಿಟಕಿಗಳೂ ನಿಜ, ಹೆತ್ತವರಿಗಾಗಿ ಕಟ್ಟಿದ ಪುಟ್ಟ ಮನೆಯೂ ನಿಜ, ಅದೇ ಮಾಡಿನ ಕೆಳಗೆ ಯಾರ ಮಗುವೂ ಅಲ್ಲದೆ ಮಲಗಿದ ಯತೀಮ್ ಮಗುವೂ ನಿಜ. ಒಂದು ಮನೆ ಎಷ್ಟು ಚೆನ್ನಾಗಿದೆ ಎಂದು ಅಳೆಯಲು ಅದರ ಮಾಡು, ಅಂಗಳ ನೋಡಿದರೆ ಸಾಲದು. ಆ ಮನೆಯ ಅತ್ಯಂತ ದುರ್ಬಲ ಮಗು ಎಲ್ಲಿ ಕುಳಿತು ಉಣ್ಣುತ್ತದೆ ಎಂಬುದನ್ನೂ ಕೇಳಬೇಕು.