ಕೌದಿಯ ಭಾರ

ಶಾಲೆಯ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ಮೂವತ್ತೆರಡು ವರ್ಷಗಳ ಅಧ್ಯಾಪನದ ಸವಿನೆನಪುಗಳನ್ನು ಬರೆಯಬೇಕೆಂದೇ ನಾನು ಲೇಖನಿ ಹಿಡಿದೆನು. ಆದರೆ ಮೊದಲು ಮನಸ್ಸಿಗೆ ಬಂದ ನೆನಪು ಸವಿಯಾದುದಲ್ಲ. ಅದನ್ನೇ ವಾಚಕರ ಮುಂದಿಡುತ್ತಿದ್ದೇನೆ.

1983ರ ಮಾತು. ಆಗ ಪಾಠ ಹೇಳುವುದರೊಂದಿಗೆ ಪ್ರಸಾದ ನಿಲಯದ ಮೇಲ್ವಿಚಾರಣೆಯೂ ನನ್ನ ಪಾಲಿಗಿತ್ತು. ಐದನೆಯ ಇಯತ್ತೆಯಲ್ಲಿ ಒಬ್ಬ ಹುಡುಗನಿದ್ದನು. ಹೆಸರು ಹಿಡಿದು ಕರೆದರೆ ತಿರುಗಿ ನೋಡನು. ಗಂಟೆ ಬಾರಿಸಿದರೆ ಎರಡೂ ಕಿವಿಗಳನ್ನು ಮುಚ್ಚಿಕೊಳ್ಳುವನು. ಆದರೆ ನಿಲಯದ ಅಷ್ಟೂ ಹುಡುಗರ ಟ್ರಂಕುಗಳ ಮೇಲೆ ಬರೆದ ಸಂಖ್ಯೆಗಳು ಅವನಿಗೆ ಬಾಯಿಪಾಠವಾಗಿದ್ದವು. ರಾತ್ರಿ ದೀಪ ಆರಿಸಿದ ಮೇಲೆ ಅವನು ತನ್ನ ಹಾಸಿಗೆಯಲ್ಲಿ ಇರುತ್ತಿರಲಿಲ್ಲ. ಹುಡುಕಿದರೆ, ಸಮಾರಂಭಗಳಿಗೆಂದು ಉಗ್ರಾಣದಲ್ಲಿ ಮಡಿಚಿಟ್ಟ ಜಮಖಾನೆಗಳ ಕೆಳಗೆ ನುಸುಳಿಕೊಂಡು, ಮುಖವನ್ನಷ್ಟೇ ಹೊರಗಿಟ್ಟು ಮಲಗಿರುತ್ತಿದ್ದನು. ಎರಡು ರಾತ್ರಿ ಬುದ್ಧಿ ಹೇಳಿದೆನು. ಮೂರನೆಯ ರಾತ್ರಿ ಬೆತ್ತ ಎತ್ತಿದೆನು. ಅವನು ಅಳಲಿಲ್ಲ, ಬೆತ್ತವನ್ನೂ ನೋಡಲಿಲ್ಲ, ಆ ಜಮಖಾನೆಗಳನ್ನೇ ನೋಡುತ್ತಿದ್ದನು. ಉಗ್ರಾಣಕ್ಕೆ ಬೀಗ ಹಾಕಿಸಿದೆನು. ತಿಂಗಳು ತುಂಬುವುದರೊಳಗೆ ಅವನ ತಂದೆ ಬಂದು ಅವನನ್ನು ಕರೆದುಕೊಂಡು ಹೋದರು. ಶಿಸ್ತನ್ನು ಕಾಪಾಡಿದೆನೆಂಬ ಸಮಾಧಾನ ಬಹುಕಾಲ ನನ್ನಲ್ಲಿತ್ತು.

ಆ ಸಮಾಧಾನವನ್ನು ಕಸಿದುಕೊಂಡವನು ನನ್ನ ಮೊಮ್ಮಗ. ಮೂರು ವರ್ಷದವನಿದ್ದಾಗ ವೈದ್ಯರು ಅವನಿಗೆ ಆಟಿಸಂ ಇದೆಯೆಂದು ಹೇಳಿದರು. 1943ರಲ್ಲಿ ಅಮೆರಿಕದ ವೈದ್ಯ ಲಿಯೋ ಕ್ಯಾನರ್ ಹನ್ನೊಂದು ಮಕ್ಕಳ ವಿಷಯದಲ್ಲಿ ಬರೆದ ಪ್ರಬಂಧದಿಂದ ಈ ಸ್ಥಿತಿ ಲೋಕಕ್ಕೆ ಪರಿಚಿತವಾಯಿತೆಂದು ಆಮೇಲೆ ಓದಿ ತಿಳಿದೆನು. ಇಂಥ ಮಕ್ಕಳಲ್ಲಿ ಅನೇಕರಿಗೆ ನಿದ್ರೆಯದೇ ದೊಡ್ಡ ತೊಂದರೆ. ನಮ್ಮವನೂ ರಾತ್ರಿ ಎರಡು ಗಂಟೆಯವರೆಗೆ ಮನೆಯೊಳಗೆ ಓಡಾಡುತ್ತಿದ್ದನು. ಗೋಡೆ ಮತ್ತು ಕಪಾಟಿನ ನಡುವಿನ ಸಂದಿಯಲ್ಲಿ ಹೋಗಿ ಒತ್ತಿಕೊಂಡು ನಿಲ್ಲುತ್ತಿದ್ದನು.

ಅವನಿಗೆ ತರಬೇತಿ ಕೊಡುತ್ತಿದ್ದ ತಾಯಿಯೊಬ್ಬರು ಭಾರದ ಹೊದಿಕೆಯ ಸಂಗತಿ ತಿಳಿಸಿದರು. ಚೌಕ ಚೌಕವಾಗಿ ಹೊಲಿದ ಬಟ್ಟೆಯೊಳಗೆ ಗಾಜಿನ ಸಣ್ಣ ಮಣಿಗಳನ್ನೋ ಪ್ಲಾಸ್ಟಿಕ್ ಕಾಳುಗಳನ್ನೋ ತುಂಬಿ, ಭಾರವು ಮೈಮೇಲೆಲ್ಲ ಸಮನಾಗಿ ಬೀಳುವಂತೆ ಅದನ್ನು ಮಾಡಿರುತ್ತಾರೆ. ಸಾಮಾನ್ಯವಾಗಿ ಮಗುವಿನ ತೂಕದ ಹತ್ತರಲ್ಲಿ ಒಂದು ಪಾಲಿನಷ್ಟು ಭಾರವಿಡುವುದು ರೂಢಿ. ಇದನ್ನು ಕೇಳಿದ ನನ್ನ ಮನೆಯವರು, “ಇದಕ್ಕ ಪ್ಯಾಟಿಗೆ ಯಾಕ ಹೋಗಬೇಕ್ರೀ? ನಮ್ಮ ಕೌದಿ ಐತೆಲ್ಲ!” ಎಂದರು.

ನನ್ನ ತಾಯಿ ಹಳೆಯ ಇಳಕಲ್ ಸೀರೆಗಳನ್ನು ಪದರು ಪದರಾಗಿ ಹಾಸಿ ಹೊಲಿದ ಕೌದಿಯದು. ಕಿರಾಣಿ ಅಂಗಡಿಯಲ್ಲಿ ತೂಗಿಸಿದರೆ ನಾಲ್ಕು ಕಿಲೋ ಇತ್ತು. ಹುಡುಗನ ತೂಕ ಇಪ್ಪತ್ತಾರು ಕಿಲೋ. ನನ್ನ ಮನೆಯವರು ಅದನ್ನು ಬಿಚ್ಚಿ, ಎರಡೂವರೆ ಕಿಲೋ ತೂಗುವಂತೆ ಚಿಕ್ಕದಾಗಿ ಹೊಲಿದರು. ಮೊದಲ ರಾತ್ರಿ ಅದನ್ನು ಹಾಸಿಗೆಯ ಬದಿಗಿಟ್ಟು ಸುಮ್ಮನಿದ್ದೆವು. ಅವನೇ ಎಳೆದುಕೊಂಡು ಗಲ್ಲದವರೆಗೆ ಹೊದ್ದನು. ಅದರ ಕೆಳಗೆ ಅವನು ನಿಶ್ಚಲನಾಗಿ ಮಲಗಿದ್ದುದನ್ನು ಕಂಡೊಡನೆ ನನ್ನ ಕಣ್ಣ ಮುಂದೆ ನಿಂತವನು ಆ ಜಮಖಾನೆಯ ಹುಡುಗ.

ಭಾರದಲ್ಲಿ ನೆಮ್ಮದಿ ಹೇಗೆ ಸಾಧ್ಯವೆಂಬುದನ್ನು ಅನುಭವಿಸಿದವರೇ ಹೇಳಿದ್ದಾರೆ. ತಾವೇ ಆಟಿಸಂ ಉಳ್ಳವರಾಗಿದ್ದು, ಮುಂದೆ ಪಶುವಿಜ್ಞಾನದ ಪ್ರಾಧ್ಯಾಪಕರಾದ ಅಮೆರಿಕದ ಟೆಂಪಲ್ ಗ್ರಾಂಡಿನ್ ಅವರು ತಾರುಣ್ಯದಲ್ಲಿ ಅರಿಝೋನಾದ ತಮ್ಮ ಚಿಕ್ಕಮ್ಮನ ಪಶುಪಾಲನಾ ಕ್ಷೇತ್ರಕ್ಕೆ ಹೋಗಿದ್ದರು. ಲಸಿಕೆ ಹಾಕುವಾಗ ಎರಡೂ ಬದಿಯಿಂದ ಒತ್ತಿ ಹಿಡಿಯುವ ಚೌಕಟ್ಟಿನಲ್ಲಿ ಕೆಲವು ದನಗಳು ಶಾಂತವಾಗುವುದನ್ನು ಕಂಡು, ಅಂಥದೇ ಸಾಧನವನ್ನು ತಮಗಾಗಿ ಮಾಡಿಕೊಂಡರು. ಒತ್ತಡ ಎಷ್ಟಿರಬೇಕೆಂಬುದು ಅವರ ಕೈಯಲ್ಲಿಯೇ ಇತ್ತು. ಮುಖ್ಯವಾದ ಮಾತು ಇದೇ.

ಹಾಗೆಂದು ಇದನ್ನು ಸಂಜೀವಿನಿಯೆಂದು ಸಾರಲಾರೆ. 2014ರಲ್ಲಿ ‘ಪೀಡಿಯಾಟ್ರಿಕ್ಸ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ಅಧ್ಯಯನವು ಆಟಿಸಂ ಉಳ್ಳ 67 ಮಕ್ಕಳಲ್ಲಿ ಭಾರದ ಹೊದಿಕೆಯನ್ನೂ ಸಾಮಾನ್ಯ ಹೊದಿಕೆಯನ್ನೂ ಹೋಲಿಸಿ ನೋಡಿತು. ಒಟ್ಟು ನಿದ್ರೆಯ ಕಾಲ ಹೆಚ್ಚಲಿಲ್ಲ. ಆದರೂ ಮಕ್ಕಳೂ ತಂದೆತಾಯಿಗಳೂ ಭಾರದ ಹೊದಿಕೆಯನ್ನೇ ಮೆಚ್ಚಿದರು. ನನ್ನ ದಿನಚರಿಯೂ ಇದನ್ನೇ ಹೇಳುತ್ತದೆ. ಮೊಮ್ಮಗನ ನಿದ್ರೆ ಅಷ್ಟೇನೂ ಬೆಳೆದಿಲ್ಲ. ಎಚ್ಚರವಿರುವಾಗಿನ ಅವನ ತಳಮಳ ಮಾತ್ರ ತಗ್ಗಿದೆ. ಬೇಸಿಗೆಯಲ್ಲಿ ಸೆಖೆಯೆಂದು ಕೌದಿಯನ್ನು ಒದ್ದುಬಿಡುತ್ತಾನೆ. ನಾವು ಮತ್ತೆ ಹೊದಿಸುವುದಿಲ್ಲ.

ಹೊದಿಸಲೂ ಬಾರದು. 2008ರಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತದ ಶಾಲೆಯೊಂದರಲ್ಲಿ ಆಟಿಸಂ ಉಳ್ಳ ಒಂಬತ್ತು ವರ್ಷದ ಬಾಲಕನನ್ನು ಇಂಥ ಹೊದಿಕೆಯಲ್ಲಿ ಸುತ್ತಿಟ್ಟಾಗ ಅವನು ಉಸಿರುಗಟ್ಟಿ ಪ್ರಾಣ ಕಳೆದುಕೊಂಡನು. ಆದುದರಿಂದ ತಲೆಯ ಮೇಲೆ ಎಂದೂ ಹೊದಿಸಬಾರದು, ಕೂಸುಗಳಿಗೆ ಬಳಸಬಾರದು, ಉಸಿರಾಟದ ತೊಂದರೆಯೋ ಮೂರ್ಛೆರೋಗವೋ ಇದ್ದರೆ ವೈದ್ಯರನ್ನು ಕೇಳದೆ ಕೊಡಬಾರದು, ಮಗು ತಾನೇ ಅದನ್ನು ಸರಿಸುವಂತಿರಬೇಕು. ಮಗು ತಾನಾಗಿ ಎಳೆದುಕೊಂಡ ಭಾರ ಆಸರೆಯಾಗುತ್ತದೆ. ನಾವು ಹೇರಿದ ಭಾರ ಶಿಕ್ಷೆಯಾಗುತ್ತದೆ.

ನಾನು ಎರಡು ತಪ್ಪುಗಳನ್ನು ಮಾಡಿದೆನು. ಆ ಹುಡುಗ ತಾನೇ ಕಂಡುಕೊಂಡಿದ್ದ ಆಸರೆಯನ್ನು ಕಿತ್ತುಕೊಂಡೆನು. ಅದರ ಬದಲಿಗೆ ಬೆತ್ತದ ಭಾರವನ್ನು ಹೇರಿದೆನು. ನಮಗೆ ಅಂದು ತಿಳಿವಳಿಕೆ ಇರಲಿಲ್ಲವೆಂಬುದು ನಿಜ. ಆದರೆ “ಇಲ್ಲಿ ಯಾಕ ಮಲಗೀಯಪ್ಪಾ?” ಎಂದು ಒಮ್ಮೆ ಮೆಲ್ಲಗೆ ಕೇಳಲು ಯಾವ ತಿಳಿವಳಿಕೆ ಬೇಕಾಗಿತ್ತು? 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯಲ್ಲಿ ಆಟಿಸಂ ಸೇರಿದೆ. ಇಂದಿನ ಶಿಕ್ಷಕ ಬಂಧುಗಳಿಗೆ ಅಂದಿನ ನಮ್ಮ ನೆಪ ಉಳಿದಿಲ್ಲ.

ಆ ಹುಡುಗನಿಗೆ ಈಗ ಐವತ್ತು ದಾಟಿರಬೇಕು. ಎಲ್ಲಿದ್ದಾನೋ ತಿಳಿಯದು. ಈ ಸಂಚಿಕೆ ಅವನ ಊರಿನ ಯಾರ ಕೈಗಾದರೂ ಬಿದ್ದರೆ, ಅವನ ಗುರುವೊಬ್ಬನು ತಪ್ಪೊಪ್ಪಿಕೊಂಡನೆಂದು ಅವನಿಗೆ ತಿಳಿಸಿರಿ. ನನ್ನ ಮನೆಯವರು ಉಳಿದ ಸೀರೆಗಳಿಂದ ಮತ್ತೊಂದು ಕೌದಿ ಹೊಲಿಯುತ್ತಿದ್ದಾರೆ. ಅದನ್ನು ನಿಲಯದ ಉಗ್ರಾಣಕ್ಕೆ ಕೊಡಬೇಕೆಂದಿದ್ದೇನೆ. ಬೀಗ ಹಾಕದಿದ್ದರೆ ಸಾಕು.